ಕಿಟಕಿಯಿಂದ ಎಸೆದ ಬ್ಯಾಗು

ಬಸ್ಸಿನ ವಿಷಯದಲ್ಲಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೇರೆಯವರಿಗೂ ಆಗುತ್ತದೆ, ಆದರೆ ಅವರು ಮನೆಗೆ ಹೋಗಿ ಮರೆತುಬಿಡುತ್ತಾರೆ. ನನಗೆ ಮರೆಯಲು ನಮ್ಮ ಮನೆಯವರು ಬಿಡುವುದಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಮುಗಿಸುತ್ತಾರೆ. ನಾನು ನಡುವೆ ಕೂತು ವಡೆ ತಿನ್ನುತ್ತಿರುತ್ತೇನೆ. ಹೇಗೂ ಹೇಳಿಕೊಂಡು ನಗುತ್ತಾರೆ, ನಾನೇ ಸರಿಯಾಗಿ ಬರೆದುಬಿಡೋಣ ಎಂದು ಕೂತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ಮೊದಲು ನನ್ನ ಬಗ್ಗೆ. ನನ್ನ ತವರು ಹಂಗಳ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವಾಗ ಸಿಗುವ ಊರು. ಕೊಟ್ಟಿರುವುದು ಚಾಮರಾಜನಗರಕ್ಕೆ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ, ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ನಾನು ಟೇಪು ಸುತ್ತಿದ ಪೆಟ್ಟಿಗೆಗಳು ದೆಹಲಿಗೆ, ಕೋಲ್ಕತ್ತಾಕ್ಕೆ ಹೇಳಿದ ದಿನ ತಲುಪುತ್ತವೆ. ನಾನು ಮಾತ್ರ ಹಂಗಳಕ್ಕೆ ಹೇಳಿದ ಹೊತ್ತಿಗೆ ತಲುಪಿದವಳಲ್ಲ. ಸ್ಕೂಟರ್ ಕಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಲಿಯಲು ಹೋಗಿ ಪಕ್ಕದ ಮನೆಯ ತುಳಸಿಕಟ್ಟೆಗೆ ಗುದ್ದಿದೆ. ಆ ವಿಷಯವನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನನಗೆ ಒಬ್ಬನೇ ತಮ್ಮ. ಅವನಿಗೆ ಮಗುವಾದರೆ, ಹೆಸರಿಡುವ ದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಆ ಒಂದು ಹೆಸರು ಹೇಳಲು ಹೊತ್ತಿಗೆ ಸರಿಯಾಗಿ ತಲುಪಿದೆನೋ ಇಲ್ಲವೋ ಎಂಬುದೇ ಈ ಬರಹ. ಅದಕ್ಕೆ ಮೊದಲು ತಲುಪದೆ ಹೋದ ಸಂದರ್ಭಗಳನ್ನು ಹೇಳುತ್ತೇನೆ. ಇಲ್ಲದಿದ್ದರೆ ನನ್ನ ಆತಂಕ ಎಂಥದು ಎಂದು ಗೊತ್ತಾಗುವುದಿಲ್ಲ. ಯಾವ ಬಸ್ಸು, ಯಾರ ಬಸ್ಸು ಎಂದೆಲ್ಲ ಬರೆಯುವುದಿಲ್ಲ. ನಾಳೆ ಮತ್ತೆ ಅದೇ ಬಸ್ಸನ್ನೇ ಹತ್ತಬೇಕು.

ಕರ್ಚೀಫಿನ ಜಾಗ

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವುದಕ್ಕೆ ಒಂದು ಪದ್ಧತಿ ಇದೆ. ಬಸ್ಸು ನಿಲ್ಲುವ ಮುಂಚೆಯೇ ಹೊರಗಿನಿಂದಲೇ ಕಿಟಕಿಯ ಮೂಲಕ ಟವಲನ್ನೋ ಕರ್ಚೀಫನ್ನೋ ಸೀಟಿನ ಮೇಲೆ ಎಸೆಯಬೇಕು. ಆಮೇಲೆ ನಿಧಾನಕ್ಕೆ ಬಾಗಿಲಿಂದ ಹತ್ತಿದರೂ ಆ ಸೀಟು ನಿಮ್ಮದೇ. ಬಟ್ಟೆ ಬಿದ್ದ ಜಾಗದಲ್ಲಿ ಯಾರೂ ಕೂರುವುದಿಲ್ಲ. ಕೂತರೆ ಜಗಳವಾಗುತ್ತದೆ, ಆ ಜಗಳದಲ್ಲಿ ಇಡೀ ಬಸ್ಸು ಬಟ್ಟೆಯ ಕಡೆಗೇ ಇರುತ್ತದೆ.

ಒಂದು ದಿನ ಚಾಮರಾಜನಗರದ ಬಸ್ ನಿಲ್ದಾಣಕ್ಕೆ ಹೋದಾಗ ಒಂದು ಬಸ್ಸು ಖಾಲಿಯಾಗಿ ನಿಂತಿತ್ತು. ಗುಂಡ್ಲುಪೇಟೆ ಬೋರ್ಡು ಇತ್ತು. ಯಾರೂ ಹತ್ತಿರಲಿಲ್ಲ. ಇಂಥ ಅದೃಷ್ಟ ನನಗೆ ಎಂದೂ ಬಂದದ್ದಲ್ಲ. ಓಡಿಹೋಗಿ ಡ್ರೈವರ್ ಹಿಂದಿನ ಸೀಟಿಗೆ ಕರ್ಚೀಫು ಎಸೆದೆ. ನಾನು ಎಸೆದದ್ದನ್ನು ನೋಡಿ ಇನ್ನಿಬ್ಬರು ಟವಲ್ ಎಸೆದರು. ಅವರನ್ನು ನೋಡಿ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ಬಂದರು. ಕ್ಷಣದಲ್ಲಿ ಬಸ್ಸು ತುಂಬಿ, ನಿಲ್ಲುವುದಕ್ಕೂ ಜಾಗವಿಲ್ಲದಂತಾಯಿತು. ಕಿಟಕಿ ಪಕ್ಕ ಕೂತ ನಾನು ನಿಂತವರ ಕಡೆ ಸ್ವಲ್ಪ ಕನಿಕರದಿಂದ ನೋಡಿದೆ.

ಬಹಳ ಹೊತ್ತು ಕೂತೆವು. ಬಸ್ಸಿನ ಅಡಿಯಿಂದ ಟಣ್ ಟಣ್ ಎಂದು ಸದ್ದು ಬರುತ್ತಿತ್ತು. ಕೊನೆಗೆ ಮೈಯೆಲ್ಲ ಗ್ರೀಸ್ ಮಾಡಿಕೊಂಡ ಒಬ್ಬ ಮೆಕ್ಯಾನಿಕ್ ಅಡಿಯಿಂದ ತೆವಳಿಕೊಂಡು ಹೊರಬಂದು, ಬಸ್ಸಿನ ತುಂಬ ಜನರನ್ನು ಕಂಡು ಬೆಚ್ಚಿದ.

"ಯಾರ್ ಹತ್ತಿ ಅಂದೋರು ನಿಮಗೆ? ಇದು ಕೆಟ್ಟು ನಿಂತಿರೋ ಗಾಡಿ ಕಣ್ರಪ್ಪ. ಇದು ಡಿಪೋಗೆ ಓಗಬೇಕಾದ್ರೂ ಇನ್ನೊಂದು ಬಸ್ಸು ಬಂದು ಎಳೀಬೇಕು."

ಎಲ್ಲರೂ ಕರ್ಚೀಫು ಎಸೆದವಳ ಕಡೆ ತಿರುಗಿದರು. ಅಷ್ಟರಲ್ಲಿ ನಿಜವಾದ ಬಸ್ಸು ಬಂದು ಆಚೆ ಕಡೆ ನಿಂತಿತು. ಬಾಗಿಲ ಹತ್ತಿರ ನಿಂತಿದ್ದವರು ಮೊದಲು ಇಳಿದು ಅದರ ಸೀಟುಗಳನ್ನೆಲ್ಲ ಹಿಡಿದರು. ಡ್ರೈವರ್ ಹಿಂದಿನ ಸೀಟಿನವಳು ಕೊನೆಗೆ ಇಳಿದು, ಗುಂಡ್ಲುಪೇಟೆಯವರೆಗೂ ನಿಂತುಕೊಂಡೇ ಹೋದಳು. ಕರ್ಚೀಫು ಕೆಟ್ಟ ಬಸ್ಸಿನಲ್ಲೇ ಉಳಿಯಿತು. ಸಂಜೆ ವಾಪಸ್ ಬಂದು ನೋಡಿದರೆ ಬಸ್ಸೂ ಅಲ್ಲೇ ಇತ್ತು, ಕರ್ಚೀಫೂ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ.

ಮದುವೆಯ ವಿಡಿಯೋ

ತಮ್ಮನ ಮದುವೆ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ. ಗಂಡಿನ ಅಕ್ಕ ಕಳಸಗಿತ್ತಿಯಾಗಿ ಕಳಸ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ನಮ್ಮ ಮಗನನ್ನು ಕರೆದುಕೊಂಡು ಹಿಂದಿನ ದಿನವೇ ಬೈಕಿನಲ್ಲಿ ಹೋಗಿದ್ದರು. ನನಗೆ ರಜೆ ಸಿಕ್ಕಿದ್ದು ಮದುವೆ ದಿನಕ್ಕೆ ಮಾತ್ರ. ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ನಿಲ್ದಾಣಕ್ಕೆ ಹೋದೆ. ಬಸ್ಸು ಇರಲಿಲ್ಲ. ವಿಚಾರಣೆ ಕಿಟಕಿಯಲ್ಲಿ ಒಬ್ಬರು ಕೂತಿದ್ದರು.

"ಗುಂಡ್ಲುಪೇಟೆ ಬಸ್ಸು ಯಾವಾಗ ಸಾರ್?"

"ಬತ್ತದೆ."

"ಎಷ್ಟೊತ್ತಿಗೆ?"

"ಬಂದಾಗ ಗೊತ್ತಾಯ್ತದೆ ಕಣಮ್ಮ."

"ಆ ಕಡೆಯಿಂದ ಹೊರಟಿದೆಯಾ?"

"ಹೊರಡದೆ ಹೆಂಗೆ ಬತ್ತದೆ?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹಾಗಾಗಿ ಜಗಳವಾಡಲೂ ಆಗಲಿಲ್ಲ. ಬಸ್ಸು ಬಂದಾಗ, ಬಂತು ಎಂದು ನಿಜವಾಗಿಯೂ ಗೊತ್ತಾಯಿತು.

ನಾನು ಛತ್ರಕ್ಕೆ ಕಾಲಿಟ್ಟಾಗ ಧಾರೆ ಮುಗಿದು, ಊಟದ ಕೊನೆಯ ಪಂಕ್ತಿಗೆ ಮಜ್ಜಿಗೆ ಬಂದಿತ್ತು. ಕಳಸವನ್ನು ನಮ್ಮ ಚಿಕ್ಕಪ್ಪನ ಮಗಳು ಹಿಡಿದಿದ್ದಳು. ಅವಳು ಗುಂಡ್ಲುಪೇಟೆಯಲ್ಲೇ ಇರುವುದು, ಸ್ಕೂಟರ್ ಇದೆ, ತುಳಸಿಕಟ್ಟೆಗೆ ಗುದ್ದುವುದಿಲ್ಲ. ಮದುವೆ ವಿಡಿಯೋದಲ್ಲಿ ನಾನು ಬರುವುದು ಕಟ್ಟಕಡೆಗೆ, ಎಲೆ ಎತ್ತುವವರ ಹಿಂದೆ, ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದುಕೊಂಡು. ಅದನ್ನು ನೋಡಿದ ಹೆಣ್ಣಿನ ಕಡೆಯ ಅಜ್ಜಿ ನಮ್ಮ ಅವ್ವನಿಗೆ ಹೇಳಿದರಂತೆ, "ನಿಮ್ಮ ಅಡುಗೆಯೋರು ಅನುಕೂಲಸ್ಥರು ಕಣವ್ವ, ರೇಷ್ಮೆ ಸೀರೇಲೇ ಬಂದವ್ರೆ."

ಸ್ಟಾಪ್ ಇಲ್ಲದ ಊರು

ಎಷ್ಟೋ ವರ್ಷ ಕಾದ ಮೇಲೆ ತಮ್ಮನ ಹೆಂಡತಿ ಬಸುರಿಯಾದಳು. ಸೀಮಂತ ಹಂಗಳದಲ್ಲೇ ಎಂದು ಗೊತ್ತಾಯಿತು. ಆ ವಾರವೇ ನಮ್ಮ ಕಾರ್ಖಾನೆಯವರು ತರಬೇತಿಗೆಂದು ನನ್ನನ್ನು ಬೆಂಗಳೂರಿಗೆ ಕಳಿಸಿದ್ದರು. ನನಗೆ ಅದೂ ಒಳ್ಳೆಯದೇ ಅನ್ನಿಸಿತು. ಬೆಂಗಳೂರಿನಿಂದ ಊಟಿಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಮಾತಿಗೆ ಹೇಳುತ್ತಿಲ್ಲ, ಹಂಗಳದಲ್ಲಿ ನಮ್ಮ ಮನೆ ಇರುವುದೇ ಹೆದ್ದಾರಿಯ ಪಕ್ಕದಲ್ಲಿ. ಹತ್ತುವಾಗ ಕಂಡಕ್ಟರ್‌ಗೆ ಕೇಳಿದೆ. "ನಿಲ್ಸನ ಹತ್ತಿ" ಎಂದರು.

ಗುಂಡ್ಲುಪೇಟೆ ಇನ್ನೇನು ಬಂತು ಎನ್ನುವಾಗ ಬಸ್ಸು ಒಂದು ಹೋಟೆಲಿನ ಅಂಗಳಕ್ಕೆ ತಿರುಗಿತು. ಊಟಕ್ಕೆ ಇಳಿಯಬೇಕಂತೆ. ನಾನು ಮುಂದೆ ಹೋಗಿ, "ಸಾರ್, ನಮ್ಮೂರು ಇಲ್ಲೇ ಮುಂದೆ. ಮನೇಲಿ ಸೀಮಂತದ ಊಟ ಇದೆ" ಎಂದೆ.

"ಇರ್ಬೋದು ಕಣಮ್ಮ. ಡ್ರೈವರ್ ಊಟ ಇಲ್ಲಿದೆ."

ಡ್ರೈವರ್ ನಿಧಾನವಾಗಿ ಉಂಡರು. ಅವರನ್ನು ಕಾಯುತ್ತ ನಿಂತರೆ ಹೊಟ್ಟೆ ಹಸಿಯಿತು. ನಾಚಿಕೆ ಬಿಟ್ಟು ನಾನೂ ಒಂದು ಅನ್ನ ಸಾಂಬಾರು ಉಂಡೆ. ಮನೆಯಲ್ಲಿ ಹೋಳಿಗೆ ಕಾಯುತ್ತಿದ್ದ ದಿನ ನಾನು ಆ ಸಾಂಬಾರು ಉಂಡೆ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಗುಂಡ್ಲುಪೇಟೆ ದಾಟಿದ ಮೇಲೆ ಬಾಗಿಲ ಹತ್ತಿರ ನಿಂತುಕೊಂಡೆ. ಕಂಡಕ್ಟರ್ ಕತ್ತು ಅಲ್ಲಾಡಿಸಿದರು. "ಹಂಗಳ ಸ್ಟಾಪ್ ಇಲ್ಲ."

"ಹತ್ತುವಾಗ ನಿಲ್ಸನ ಅಂದ್ರಲ್ಲ ಸಾರ್?"

"ಅಂದೋರು ನಾನಲ್ಲ. ಅವರು ಮೈಸೂರಲ್ಲಿ ಇಳ್ಕೊಂಡ್ರು. ಅವರ ಡ್ಯೂಟಿ ಮುಗೀತು."

ನೋಡಿದರೆ ನಿಜವಾಗಿಯೂ ಬೇರೆ ಕಂಡಕ್ಟರ್. ಖಾಕಿ ಅಂಗಿ ನೋಡಿ ನಾನು ಮುಖ ನೋಡಿರಲಿಲ್ಲ. ಕಿಟಕಿಯಾಚೆ ನಮ್ಮ ಮನೆ ಬಂತು. ಮುಂದೆ ಚಪ್ಪರ, ಚಪ್ಪರದ ಕೆಳಗೆ ಅವ್ವ. ನಾನು ಕಿಟಕಿಯಿಂದ ತೋಳು ಚಾಚಿ ಜೋರಾಗಿ ಬೀಸಿದೆ. ಅವ್ವ ನಗುತ್ತ ತಾನೂ ಕೈ ಬೀಸಿದಳು. ಮನೆ ಹಿಂದಕ್ಕೆ ಹೋಯಿತು.

ಇಳಿಸಿದ್ದು ಕಾಡಿನ ಚೆಕ್‌ಪೋಸ್ಟಿನಲ್ಲಿ. ಅಲ್ಲಿಂದ ವಾಪಸ್ ಹೋಗುವ ಬಸ್ಸುಗಳಿಗೂ ಹಂಗಳ ಸ್ಟಾಪ್ ಇರಲಿಲ್ಲ. ಚೆಂಡುಹೂವು ತುಂಬಿಕೊಂಡು ಗುಂಡ್ಲುಪೇಟೆಗೆ ಹೊರಟಿದ್ದ ಒಂದು ಗೂಡ್ಸ್ ಆಟೋದವರು ಹತ್ತಿಸಿಕೊಂಡರು. ಮುಂದೆ ಜಾಗವಿರಲಿಲ್ಲ, ಹಿಂದೆ ಮೂಟೆಗಳ ನಡುವೆ ಕೂತೆ. ಮನೆ ಹತ್ತಿರ ಇಳಿದಾಗ ತಲೆಯಲ್ಲಿ, ಸೆರಗಿನಲ್ಲಿ, ಕುಪ್ಪಸದೊಳಗೆ ಎಲ್ಲ ಕಡೆ ಹೂವೇ.

ಅವ್ವ ಮೇಲಿಂದ ಕೆಳಗೆ ನೋಡಿದಳು. "ಬಸುರಿಗೆ ಹೂ ಮುಡಿಸೋದು ಮುಗೀತು ಕಣಮ್ಮಿ. ನೀನ್ಯಾಕೆ ಮುಡ್ಕಂಡ್ ಬಂದೆ?"

"ಅವ್ವ, ಬಸ್ಸಿಂದ ಕೈ ಬೀಸಿದ್ನಲ್ಲ, ನೀನೂ ಬೀಸಿದ್ಯಲ್ಲ, ನಿಲ್ಸಿ ಅಂತ ಕೂಗಬಾರದಿತ್ತಾ?"

"ಅದು ನೀನಾ? ಯಾರೋ ಊಟಿ ನೋಡಕ್ಕೋಗೋರು ಖುಷಿಯಾಗವ್ರೆ ಅಂತ ನಾನೂ ಬೀಸ್ದೆ."

ಸ್ಟೆಪ್ನಿ

ಹೆಣ್ಣು ಮಗು ಹುಟ್ಟಿತು. ಸ್ವಲ್ಪ ದಿನದ ಮೇಲೆ ತಮ್ಮ ಫೋನು ಮಾಡಿದ.

"ಅಕ್ಕ, ಹೆಸರಿಡೋದು ಭಾನುವಾರ. ಕಿವಿಲಿ ಹೆಸರು ನೀನೇ ಹೇಳಬೇಕು ಅಂತ ಎಲ್ಲರ ಹತ್ರ ಹಟ ಹಿಡಿದಿದ್ದೀನಿ. ಹೊತ್ತಿಗೆ ಸರಿಯಾಗಿ ಬಾ. ನಿನ್ನ ನಂಬ್ಕಂಡ್ರೆ ಮಗು ತಾನೇ ಹೆಸರು ಹೇಳ್ಕಳ ಹಂಗಾಗಬಾರದು."

"ಬರ್ತೀನಿ ಕಣೋ."

"ಚಿಕ್ಕಪ್ಪನ ಮಗಳಿಗೂ ಇರು ಅಂದಿದ್ದೀನಿ. ಬೇಜಾರು ಮಾಡ್ಕಬೇಡ. ಗಾಡಿ ಅಂದ ಮೇಲೆ ಸ್ಟೆಪ್ನಿ ಇರಬೇಕಲ್ವಾ?"

ಸ್ಟೆಪ್ನಿ ಎಂದರೆ ಪಂಕ್ಚರ್ ಆದಾಗ ಹಾಕುವ ಬದಲಿ ಚಕ್ರ. ನಾನು ನಕ್ಕೆ. ಫೋನು ಇಟ್ಟ ಮೇಲೆ ನಗು ಬರಲಿಲ್ಲ. ಕಳಸ ಹಿಡಿಯಲಿಲ್ಲ, ಹೂ ಮುಡಿಸಲಿಲ್ಲ. ಹೆಸರನ್ನೂ ಬೇರೆಯವರು ಹೇಳಿದರೆ ಆ ಮಗುವಿಗೆ ನಾನು ಹಬ್ಬಕ್ಕೆ ಬಂದು ವಡೆ ತಿನ್ನುವ ನೆಂಟಳು, ಅಷ್ಟೇ.

ಶನಿವಾರ ಸಂಜೆಯೇ ಹೊರಟೆ. ಕತ್ತಲಾಗುವವರೆಗೆ ನಿಲ್ದಾಣದಲ್ಲಿ ನಿಂತರೂ ಬಸ್ಸು ಬರಲಿಲ್ಲ. ವಾಪಸ್ ಮನೆಗೆ ಬಂದೆ. ಮನೆಯವರು ಬಾಗಿಲು ತೆಗೆದು, "ಏನು, ಇಷ್ಟು ಬೇಗ ಹೋಗಿ ಬಂದುಬಿಟ್ಯಾ?" ಎಂದರು.

ಬ್ಯಾಗು

ಭಾನುವಾರ ಮನೆಯವರಿಗೆ ಡ್ಯೂಟಿ ಇತ್ತು, ಬೈಕ್ ಅವರ ಜೊತೆ ಹೋಯಿತು. ನಾನು ಬೆಳಿಗ್ಗೆಯೇ ನಿಲ್ದಾಣ ಸೇರಿದೆ. ಕೈಯಲ್ಲೊಂದು ಬ್ಯಾಗು. ಅದರಲ್ಲಿ ಮಗುವಿಗೆ ಬೆಳ್ಳಿ ಉಡಿದಾರ, ಒಂದು ಫ್ರಾಕು, ನನ್ನ ಆಧಾರ್ ಕಾರ್ಡು, ನನ್ನ ಫೋನು. ನೂಕುನುಗ್ಗಲಲ್ಲಿ ಕೈ ಖಾಲಿ ಇರಲಿ ಎಂದು ಫೋನನ್ನೂ ಅದರಲ್ಲೇ ಹಾಕಿದ್ದೆ. ಚಿಲ್ಲರೆ ಪರ್ಸು ಮಾತ್ರ ಸೊಂಟಕ್ಕೆ ಸಿಕ್ಕಿಸಿದ್ದೆ.

ಆ ದಿನ ಗುಂಡ್ಲುಪೇಟೆ ಮೇಲೆ ಹೋಗುವ ಊಟಿ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ನನ್ನ ಲೆಕ್ಕವೆಲ್ಲ ತಪ್ಪಿದ್ದೇ ಅಲ್ಲಿ, ಏಕೆಂದರೆ ಅದಕ್ಕೆ ನಾನು ತಯಾರಿರಲಿಲ್ಲ. ಜನ ನುಗ್ಗಿದರು. ಕರ್ಚೀಫು ಎಸೆಯೋಣ ಎಂದುಕೊಂಡೆ. ಆದರೆ ಕರ್ಚೀಫು ಹಗುರ, ಗಾಳಿಗೆ ಹಾರಿಹೋದರೆ? ಇವತ್ತು ಅಂಥ ದಿನವಲ್ಲ. ಬ್ಯಾಗನ್ನೇ ಕಿಟಕಿಯೊಳಗೆ ಎಸೆದೆ. ಸೀಟಿನ ಮೇಲೆ ಸರಿಯಾಗಿ ಬಿತ್ತು. ಪಕ್ಕದ ಸೀಟಿನಲ್ಲಿ ಎಲೆಅಡಿಕೆ ಹಾಕುತ್ತಿದ್ದ ಒಬ್ಬ ಅಜ್ಜಿಗೆ, "ಅವ್ವ, ಸೀಟು ಸ್ವಲ್ಪ ನೋಡ್ಕೊಳಿ" ಎಂದೆ.

"ನೋಡ್ಕತೀನಿ ಬಾರವ್ವ" ಎಂದರು.

ಬಾಗಿಲಿಗೆ ಬಂದರೆ ಒಳಗೆ ಹೋಗುವವರ ಜೊತೆ ಇಳಿಯುವವರೂ ಸೇರಿ ಒಬ್ಬರೂ ಅಲ್ಲಾಡುತ್ತಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ. ಇಳಿಯುವವರು ನನ್ನನ್ನೂ ಇಳಿಸಿದರು. ವಿಸಿಲ್ ಆಯಿತು. ಬಸ್ಸು ಹೊರಟಿತು. ನಾನು "ಬ್ಯಾಗು, ಬ್ಯಾಗು" ಎಂದು ಹಿಂದೆ ಓಡಿದೆ. ಕಂಡಕ್ಟರ್ ಬಾಗಿಲಿಂದ ಇಣುಕಿ, "ಹಿಂದೆ ಖಾಲಿ ಬಸ್ಸು ಬತ್ತಾದೆ, ಅದ್ರಲ್ಲಿ ಬನ್ನಿ" ಎಂದು ಕೈ ತೋರಿಸಿದರು.

ಹಿಂದೆ ಬಸ್ಸು ಬಂತು, ಬಹಳ ಹೊತ್ತಾದ ಮೇಲೆ. ಖಾಲಿ ಇರಲಿಲ್ಲ. ಅದರ ಕಂಡಕ್ಟರ್ ಟಿಕೆಟ್‌ಗೆ ಬಂದಾಗ ಕಾರ್ಡ್ ಕೇಳಿದರು. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಕಾರ್ಡ್ ತೋರಿಸಬೇಕು.

"ಕಾರ್ಡು ಮುಂದಿನ ಬಸ್ಸಲ್ಲಿ ಹೋಗ್ತಾ ಇದೆ ಸಾರ್."

"ನೀವು?"

"ನಾನು ಈ ಬಸ್ಸಲ್ಲಿ."

ಅವರು ಸ್ವಲ್ಪ ಯೋಚಿಸಿದರು. "ಒಟ್ಟಿಗೇ ಹೋಗಬೋದಿತ್ತಲ್ಲ?"

ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ತೆರಕಣಾಂಬಿ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಸ್ಟೆಪ್ನಿ ಇರಲಿಲ್ಲ. ನನ್ನ ತಮ್ಮನಿಗಿದ್ದ ಮುಂದಾಲೋಚನೆ ಆ ಬಸ್ಸಿನವರಿಗೆ ಇರಲಿಲ್ಲ. ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ನಿಂತು, ನಾನು ಹೇಳಬೇಕಿದ್ದ ಹೆಸರನ್ನು ಬಾಯೊಳಗೇ ಹೇಳಿಕೊಂಡೆ. ಈ ಹೊತ್ತಿಗೆ ಅದನ್ನು ಇನ್ನೊಬ್ಬಳು ಹೇಳಿರುತ್ತಾಳೆ, ಚೆನ್ನಾಗಿಯೇ ಹೇಳಿರುತ್ತಾಳೆ ಅಂದುಕೊಂಡೆ. ಯಾರಿಗೂ ಕಾಣದ ಹಾಗೆ ಕಣ್ಣು ಒರೆಸಿಕೊಳ್ಳಬೇಕೆಂದರೆ ಕರ್ಚೀಫು ಸಿಗಲಿಲ್ಲ. ಅದೂ ಬ್ಯಾಗಿನಲ್ಲಿತ್ತು.

ಇನ್ನೊಂದು ಬಸ್ಸಿನಲ್ಲಿ ನಿಂತು ಗುಂಡ್ಲುಪೇಟೆ ತಲುಪಿದಾಗ, ನಿಲ್ದಾಣದಲ್ಲಿ ಚಿಕ್ಕಪ್ಪನ ಮಗಳು ಸ್ಕೂಟರ್ ಮೇಲೆ ಕೂತಿದ್ದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಎಲ್ಲ ಮುಗಿಸಿ ಮನೆಗೆ ಹೊರಟಿದ್ದಾಳೆ ಎಂದುಕೊಂಡೆ.

"ಹೆಸರಿಟ್ಟಾಯ್ತಾ?" ಎಂದೆ.

"ಮೊದಲು ಹತ್ತಕ್ಕ" ಎಂದಳು.

ಹಂಗಳದ ಮನೆಯಲ್ಲಿ ಬಾಗಿಲ ತುಂಬ ಜನ. ನಡುಮನೆಯಲ್ಲಿ ಹೂವಿನ ತೊಟ್ಟಿಲು ಖಾಲಿ ತೂಗುತ್ತಿತ್ತು. ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಒಂದು ಕಡೆ, ಶಾಸ್ತ್ರ ಮಾಡಿಸುವ ಐನೋರು ಕಾಫಿ ಲೋಟ ಹಿಡಿದು ಇನ್ನೊಂದು ಕಡೆ. ತೊಟ್ಟಿಲ ಪಕ್ಕದಲ್ಲಿ ಸೋದರತ್ತೆ ಕೂರುವ ಮಣೆ. ಆ ಮಣೆಯ ಮೇಲೆ ನೆಟ್ಟಗೆ ನನ್ನ ಬ್ಯಾಗು ಕೂತಿತ್ತು.

ನಡೆದದ್ದನ್ನು ಆಮೇಲೆ ತಮ್ಮ ಹೇಳಿದ. ನಾನು ಎಲ್ಲಿದ್ದೇನೆ ಎಂದು ತಿಳಿಯಲು ಅವನು ಫೋನು ಮಾಡಿದ್ದಾನೆ. ಬ್ಯಾಗಿನೊಳಗೆ ಫೋನು ಹೊಡೆದುಕೊಂಡಿದೆ. ಅಜ್ಜಿ ಪಕ್ಕದವರಿಂದ ಅದನ್ನು ತೆಗೆಸಿ ಕಿವಿಗೆ ಇಟ್ಟುಕೊಂಡಿದ್ದಾರೆ.

"ಅಕ್ಕ ಎಲ್ಲಿದ್ದೀಯ?"

"ನಿಮ್ಮಕ್ಕ ಟೀ ಕುಡಿಯಕ್ ಓಗವ್ಳೆ ಕಣಪ್ಪ. ಬತ್ತಾಳೆ. ಸೀಟು ನಾನು ನೋಡ್ಕತಿವ್ನಿ."

"ಬಸ್ಸು ಎಲ್ಲಿದೆ ಅಜ್ಜಿ?"

"ತೆರಕಣಾಂಬಿ ದಾಟ್ತು."

ಅಷ್ಟು ದೂರವೂ ಬಸ್ಸಿನ ತುಂಬ ಜನ ಒಬ್ಬರ ಮೇಲೊಬ್ಬರು ನಿಂತಿದ್ದರಂತೆ. ಆ ಸೀಟಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಕೂರಲು ಬಂದವರಿಗೆಲ್ಲ ಅಜ್ಜಿ, "ಜಾಗ ಹಿಡಿದವ್ರೆ, ಚೀಲ ಕಾಣಕಿಲ್ವಾ?" ಎಂದು ಗದರಿದ್ದಾರೆ. ತಮ್ಮ ಅದೇ ಫೋನಿನಲ್ಲಿ ಕಂಡಕ್ಟರ್ ಜೊತೆ ಮಾತಾಡಿದ. ವಾರಸುದಾರರಿಲ್ಲದ ಬ್ಯಾಗನ್ನು ಇಟ್ಟುಕೊಂಡು ಚೆಕ್‌ಪೋಸ್ಟ್ ದಾಟುವುದು ಯಾಕೆ ಬೇಕು ಎಂದು ಅವರಿಗೂ ಅನ್ನಿಸಿತು. ನನಗಾಗಿ ಯಾವತ್ತೂ ನಿಲ್ಲದ ಊಟಿ ಬಸ್ಸು, ನನ್ನ ಬ್ಯಾಗಿಗಾಗಿ ನಮ್ಮ ಮನೆ ಮುಂದೆ ನಿಂತಿತು. ಅಜ್ಜಿ ಕಿಟಕಿಯಿಂದ ಅದನ್ನು ಕೊಡುತ್ತ, "ಟೀ ಕುಡ್ದು ಬಂದ್ರೆ ಬಯ್ಯಬೇಡಿ ಪಾಪ" ಎಂದರಂತೆ.

ಐನೋರು ಹೊತ್ತು ಮೀರುತ್ತದೆ ಎಂದಾಗ ತಮ್ಮ ಏನು ಮಾಡುವುದೆಂದು ತೋಚದೆ ನಿಂತಿದ್ದಾನೆ. ಅವ್ವ ಬ್ಯಾಗನ್ನು ತಂದು ಮಣೆಯ ಮೇಲೆ ಇಟ್ಟಿದ್ದಾಳೆ. "ಚೀಲ ಬಂದೈತೆ ಸ್ವಾಮಿ. ಚೀಲ ಬಂದ ಮೇಲೆ ಜನ ಬರದೆ ಎಲ್ಲಿಗೋದಾರು? ಇನ್ನೊಂದು ಕಾಫಿ ಕುಡೀರಿ."

ಅವರೂ ಬಸ್ಸಿನಲ್ಲಿ ಓಡಾಡುವವರೇ. ಒಪ್ಪಿಕೊಂಡು ಕೂತರು. ಆದರೂ ಯಾರೋ ಚಿಕ್ಕಪ್ಪನ ಮಗಳಿಗೆ, "ನೀನಾದ್ರೂ ಕೂತ್ಕೊ" ಎಂದರಂತೆ. ಅವಳು ಮಣೆಯ ಹತ್ತಿರ ಬಂದು, ಬ್ಯಾಗು ನೋಡಿ, ಸ್ಕೂಟರ್ ಕೀ ತೆಗೆದುಕೊಂಡು ಹೊರಟಿದ್ದಾಳೆ. ಯಾಕೆ ಕೂರಲಿಲ್ಲ ಎಂದು ಆಮೇಲೆ ನಾನೇ ಕೇಳಿದೆ.

"ಸ್ಕೂಟರ್ ತಗಳೋಕೆ ಮುಂಚೆ ನಾನೂ ಬಸ್ಸಲ್ಲೇ ಓಡಾಡ್ತಿದ್ದೆ ಕಣಕ್ಕ" ಎಂದಳು. "ಬ್ಯಾಗು ಹಾಕಿರೋ ಜಾಗದಲ್ಲಿ ಕೂತ್ರೆ ಏನಾಯ್ತದೆ ಅಂತ ಗೊತ್ತು."

ನಾನು ಬ್ಯಾಗನ್ನು ಪಕ್ಕಕ್ಕಿಟ್ಟು ಮಣೆಯ ಮೇಲೆ ಕೂತೆ. ಆ ದಿನ ಬೆಳಗಿನಿಂದ ನನಗೆ ಸಿಕ್ಕಿದ ಮೊದಲ ಸೀಟು ಅದು. ಮಗುವನ್ನು ತೊಟ್ಟಿಲಿಗೆ ಹಾಕಿ, ಬಗ್ಗಿ, ಕಿವಿಯಲ್ಲಿ ಹೆಸರು ಹೇಳಿದೆ. ಹುಣಸೆ ಮರದ ಕೆಳಗೆ ಹೇಳಿ ಹೇಳಿ ಅಭ್ಯಾಸವಾಗಿತ್ತು, ತಡವರಿಸಲಿಲ್ಲ. ಮಗು ಆಕಳಿಸಿತು.

ಮೊನ್ನೆ ತಮ್ಮ ಮತ್ತೆ ಫೋನು ಮಾಡಿದ್ದ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕರೆಯಲು.

"ಅಕ್ಕ, ನಿನಗೆ ಕೆಲಸ ಇರ್ತದೆ. ಅರ್ಜೆಂಟ್ ಮಾಡ್ಕಬೇಡ, ನಿಧಾನಕ್ಕೆ ಯಾವ ಬಸ್ಸು ಸಿಗ್ತದೋ ಅದ್ರಲ್ಲಿ ಬಾ" ಎಂದ. "ಬ್ಯಾಗ್ ಮಾತ್ರ ಬೆಳಿಗ್ಗೆನೇ ಕಳಿಸ್ಬುಡು."